ಹೇಗ್‌ಗೆ ಹೋಗುವ ದಾರಿ

ಕಳೆದ ತಿಂಗಳು ಕರಾವಳಿಯ ಸಣ್ಣ ಊರೊಂದರಿಂದ ಓದುಗ ಸಹೋದರಿಯೊಬ್ಬರ ಪತ್ರ ನಮ್ಮ ಕಚೇರಿಗೆ ಬಂತು. ಅದರಲ್ಲಿ ಹೊಗಳಿಕೆ ಇರಲಿಲ್ಲ. ದೂರು ಎನ್ನಬಹುದಾದದ್ದು ಒಂದೇ ವಾಕ್ಯ: ಹೇಗ್‌ನ ನ್ಯಾಯಾಲಯದಲ್ಲಿ ಏನಾಯಿತೆಂದು ನೀವು ಆಗಾಗ ಬರೆಯುತ್ತೀರಿ, ಅಲ್ಲಿಗೆ ಹೋಗುವ ದಾರಿ ಯಾವುದೆಂದು ಒಮ್ಮೆಯೂ ಬರೆದಿಲ್ಲ.

ಈ ಸಹೋದರಿ ಎಲ್‌ಎಲ್.ಎಂ. ಮುಗಿಸಿದವರು. ಸಾರ್ವಜನಿಕ ಅಂತಾರಾಷ್ಟ್ರೀಯ ಕಾನೂನಿನಲ್ಲಿ, ಅಂದರೆ ದೇಶ ದೇಶಗಳ ನಡುವಿನ ಒಪ್ಪಂದ, ಗಡಿ, ಯುದ್ಧ, ಸಮುದ್ರ, ನಿರಾಶ್ರಿತರು, ಮಾನವ ಹಕ್ಕುಗಳು ಇವೆಲ್ಲವುಗಳಿಗೆ ಸಂಬಂಧಿಸಿದ ಕಾನೂನಿನಲ್ಲಿ ಪಿಎಚ್.ಡಿ. ಮಾಡಬೇಕೆಂಬುದು ಅವರ ಹಂಬಲ. ವಿಷಯವನ್ನೂ ಅವರು ಆರಿಸಿಕೊಂಡಿದ್ದಾರೆ. ಅವರ ತಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಗಲ್ಫ್‌ನಲ್ಲಿ ದುಡಿದು, 2020ರ ಕೊರೋನ ಕಾಲದಲ್ಲಿ ಬರಿಗೈಯಲ್ಲಿ ಊರಿಗೆ ಮರಳಿದರು. ಐದು ತಿಂಗಳ ಸಂಬಳ ಅಲ್ಲಿಯೇ ಉಳಿಯಿತು. ವಿಮಾನ ಹತ್ತಿಸಿ ಕಳುಹಿಸಿದ ದೇಶಕ್ಕಾಗಲಿ, ಕರೆಸಿಕೊಂಡ ದೇಶಕ್ಕಾಗಲಿ ಆ ಸಂಬಳದ ವಿಷಯದಲ್ಲಿ ಕಾನೂನುಬದ್ಧ ಹೊಣೆ ಏನಾದರೂ ಇದೆಯೇ? ಇದು ಅವರ ಸಂಶೋಧನೆಯ ಪ್ರಶ್ನೆ. ವಲಸೆ ಕಾರ್ಮಿಕರ ಹಕ್ಕುಗಳ ಕುರಿತು ವಿಶ್ವಸಂಸ್ಥೆ 1990ರಲ್ಲಿ ಅಂಗೀಕರಿಸಿದ ಒಡಂಬಡಿಕೆಗೆ ಗಲ್ಫ್ ಸಹಕಾರ ಮಂಡಳಿಯ ಆರು ದೇಶಗಳಲ್ಲಿ ಒಂದೂ ಸೇರಿಲ್ಲ. ಭಾರತವೂ ಸೇರಿಲ್ಲ. ಕರಾವಳಿಯ ಮನೆ ಮನೆಯಲ್ಲೂ ಗಲ್ಫ್‌ನ ಹಣದಿಂದ ಒಲೆ ಉರಿದಿದೆ. ಆದರೆ ಈ ಒಂದು ಸಂಗತಿ ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ವಿದೇಶದ ವಿಶ್ವವಿದ್ಯಾಲಯವೊಂದು ಅವರಿಗೆ ಪ್ರವೇಶ ಕೊಟ್ಟಿತು, ಹಣ ಕೊಡಲಿಲ್ಲ. ಶುಲ್ಕದ ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ ನೋಡಿದ ತಂದೆ ಮೌನವಾದರು. ಪ್ರವೇಶಪತ್ರದ ಅವಧಿ ಮುಗಿಯಿತು. ಈಗ ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿದೆ.

ಆಕೆಯ ಆಕ್ಷೇಪವನ್ನು ನಾವು ಒಪ್ಪಿಕೊಳ್ಳುತ್ತೇವೆ. 2024ರ ಜನವರಿ 26ರಂದು ಗಣರಾಜ್ಯೋತ್ಸವದ ರಜೆ, ಮೇಲಾಗಿ ಶುಕ್ರವಾರ. ಅಸರ್ ನಮಾಝ್ ಮುಗಿಸಿದ ಯುವಕರು ಮಸೀದಿಯ ಜಗಲಿಯಲ್ಲಿ ಕುಳಿತು, ಒಂದೇ ಮೊಬೈಲಿಗೆ ಹತ್ತು ತಲೆಗಳನ್ನು ಬಾಗಿಸಿ, ದಕ್ಷಿಣ ಆಫ್ರಿಕಾ ಇಸ್ರೇಲ್ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯದ ಮಧ್ಯಂತರ ಆದೇಶವನ್ನು ನೇರಪ್ರಸಾರದಲ್ಲಿ ನೋಡುತ್ತಿದ್ದ ದೃಶ್ಯ ನಮ್ಮ ಕಣ್ಣ ಮುಂದಿದೆ. ನಾವೂ ಅವರ ಜೊತೆ ಕುಳಿತಿದ್ದೆವು. ಆ ವಾರ ಸಂಪಾದಕೀಯವನ್ನೂ ಬರೆದೆವು. ಆದರೆ ಆ ಸಭಾಂಗಣದಲ್ಲಿ ಕಪ್ಪು ನಿಲುವಂಗಿ ತೊಟ್ಟು ಎದ್ದು ನಿಂತು ವಾದಿಸಿದವರು ಯಾರು, ಅವರು ಅಲ್ಲಿಗೆ ತಲುಪಿದ್ದು ಹೇಗೆ ಎಂಬುದನ್ನು ಜಗಲಿಯಲ್ಲಿದ್ದ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಆ ತಿಂಗಳ 11ರಂದು ನರಮೇಧದ ಕೃತ್ಯಗಳ ಕುರಿತು ವಾದ ಮಂಡಿಸಿದ ದಕ್ಷಿಣ ಆಫ್ರಿಕಾದ ವಕೀಲೆ ಆದಿಲಾ ಹಾಸಿಂ, ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಕಾನೂನು ಡಾಕ್ಟರೇಟ್ ಪಡೆದವರು. ತನ್ನ ದೇಶದ ಬಡವರ ಆರೋಗ್ಯದ ಹಕ್ಕಿಗಾಗಿ ಮೊಕದ್ದಮೆ ನಡೆಸಿಯೇ ಹೆಸರಾದವರು. ಅದೇ ತಂಡದಲ್ಲಿದ್ದ ಜಾನ್ ಡುಗಾರ್ಡ್ ಲೈಡನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು, ಫೆಲೆಸ್ತೀನ್ ಕುರಿತು ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿ ವರ್ಷಗಟ್ಟಲೆ ಕೆಲಸ ಮಾಡಿದವರು. 2023ರ ಡಿಸೆಂಬರ್ 29ರಂದು ಸಲ್ಲಿಕೆಯಾದ ಆ ಅರ್ಜಿಯನ್ನು ಒಂದು ವಾರದ ಆವೇಶ ಬರೆಯಲಿಲ್ಲ. ಅದರ ಹಿಂದೆ ಮೂವತ್ತು, ನಲವತ್ತು ವರ್ಷಗಳ ಗ್ರಂಥಾಲಯದ ಬದುಕಿದೆ.

ರೋಹಿಂಗ್ಯರ ಪ್ರಕರಣವನ್ನೇ ನೋಡೋಣ. ಇಸ್ಲಾಮೀ ಸಹಕಾರ ಸಂಘಟನೆಯಲ್ಲಿ 57 ರಾಷ್ಟ್ರಗಳಿವೆ. ತೈಲದ ಹಣದಿಂದ ಗಗನಚುಂಬಿ ಕಟ್ಟಡಗಳನ್ನು ಕಟ್ಟಿದ ರಾಷ್ಟ್ರಗಳೂ ಅದರಲ್ಲಿವೆ. ಆದರೆ 2019ರ ನವೆಂಬರ್‌ನಲ್ಲಿ ಮ್ಯಾನ್ಮಾರ್ ವಿರುದ್ಧ ಹೇಗ್‌ನ ಬಾಗಿಲು ತಟ್ಟಿದ್ದು ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ. ಜನಸಂಖ್ಯೆಯಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗಿಂತ ಅಷ್ಟೇನೂ ದೊಡ್ಡದಲ್ಲದ, ಬಡ ದೇಶ. ಏಕೆ ಗ್ಯಾಂಬಿಯಾ? ಅಲ್ಲಿಯ ಅಂದಿನ ಕಾನೂನು ಸಚಿವ ಅಬೂಬಕರ್ ತಂಬಾದು, ರುವಾಂಡಾ ನರಮೇಧದ ವಿಚಾರಣೆಗೆ ರಚಿತವಾದ ಅಂತಾರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ಅಭಿಯೋಜಕರ ಕಡೆಯಿಂದ ದುಡಿದಿದ್ದವರು. ಬಾಂಗ್ಲಾದೇಶದ ನಿರಾಶ್ರಿತ ಶಿಬಿರಗಳಲ್ಲಿ ಕೇಳಿದ ಕಥೆಗಳು ಅವರಿಗೆ ರುವಾಂಡಾವನ್ನು ನೆನಪಿಸಿದವು. ಉಳಿದವರು ಅಲ್ಲಿ ಕಣ್ಣೀರನ್ನು ಕಂಡರು, ಅವರು ಕಣ್ಣೀರಿನ ಜೊತೆಗೆ ನರಮೇಧ ತಡೆ ಒಡಂಬಡಿಕೆಯ ವಿಧಿಗಳನ್ನೂ ಕಂಡರು. 2020ರ ಜನವರಿ 23ರಂದು ನ್ಯಾಯಾಲಯ ಸರ್ವಾನುಮತದಿಂದ ಮಧ್ಯಂತರ ಆದೇಶ ನೀಡಿತು. ಹಾಗಿದ್ದೂ ಆ ಮೊಕದ್ದಮೆ ನಡೆಸಲು ಅಮೆರಿಕದ ವಕೀಲ ಸಂಸ್ಥೆಯನ್ನು ಗೊತ್ತುಮಾಡಬೇಕಾಯಿತು. ಅದು ತಪ್ಪೇನಲ್ಲ, ಬಲ್ಲವರನ್ನು ಕರೆಯುವುದೇ ಸರಿ. ಆದರೆ 57 ದೇಶಗಳಲ್ಲಿ ಬಲ್ಲವರು ಎಷ್ಟು ಮಂದಿ ಎಂಬ ಪ್ರಶ್ನೆ ಉಳಿಯುತ್ತದೆ.

ಇದು ನಮಗೆ ಪರಕೀಯವಾದ ವಿದ್ಯೆ ಎಂದು ಭಾವಿಸುವವರಿದ್ದಾರೆ. ಮದ್ರಸದಲ್ಲಿ ಓದಿದವರಾಗಿ ನಾವು ಇದನ್ನು ಒಪ್ಪಲಾರೆವು. ಇಮಾಮ್ ಅಬೂಹನೀಫಾರ ಶಿಷ್ಯ, ಕ್ರಿ.ಶ. 805ರಲ್ಲಿ ನಿಧನರಾದ ಇಮಾಮ್ ಮುಹಮ್ಮದ್ ಅಶ್ಶೈಬಾನಿ 'ಸಿಯರ್' ಎಂಬ ಹೆಸರಿನಲ್ಲಿ ಯುದ್ಧ, ಸಂಧಿ, ರಾಯಭಾರಿಗಳ ರಕ್ಷಣೆ, ಅಭಯ ಪಡೆದ ವಿದೇಶೀಯರ ಹಕ್ಕುಗಳ ಕುರಿತು ಸ್ವತಂತ್ರ ಗ್ರಂಥಗಳನ್ನೇ ರಚಿಸಿದರು. ಯುರೋಪ್ ಅಂತಾರಾಷ್ಟ್ರೀಯ ಕಾನೂನಿನ ಪಿತಾಮಹನೆಂದು ಕರೆಯುವ ಗ್ರೋಷಿಯಸ್‌ನ ಪ್ರಸಿದ್ಧ ಗ್ರಂಥ ಬಂದದ್ದು 1625ರಲ್ಲಿ. ನಡುವೆ ಎಂಟು ಶತಮಾನಗಳ ಅಂತರ. ಕರಾವಳಿಯ ಶಾಫಿಈ ದರ್ಸ್‌ಗಳಲ್ಲಿ ಇಂದಿಗೂ ಗೌರವದಿಂದ ಓದುವ ಇಮಾಮ್ ನವವಿಯವರ ಮಿನ್ಹಾಜ್‌ನಲ್ಲೂ ಸಿಯರ್ ಅಧ್ಯಾಯವಿದೆ. ನಾವು ಓದುವ ಕಾಲದಲ್ಲಿ ಉಸ್ತಾದರು ಶುದ್ಧೀಕರಣದ ಅಧ್ಯಾಯಕ್ಕೆ ತಿಂಗಳುಗಟ್ಟಲೆ ಕೊಟ್ಟು, ಸಿಯರ್ ಅನ್ನು ಎರಡು ದಿನಗಳಲ್ಲಿ ಮುಗಿಸಿದ್ದರು. ಅದರ ಅಗತ್ಯ ನಮಗೆಲ್ಲಿ ಬರುತ್ತದೆ ಎಂದು ನಕ್ಕಿದ್ದರು. ಅವರ ಮೇಲೆ ನಮಗೆ ಆಕ್ಷೇಪವಿಲ್ಲ, ಅವರ ಉಸ್ತಾದರೂ ಹಾಗೆಯೇ ಕಲಿಸಿದ್ದರು.

ಕೊಟ್ಟ ಮಾತಿಗೆ ಬದ್ಧರಾಗುವುದು ನಮ್ಮ ಧರ್ಮದಲ್ಲಿ ಎಷ್ಟು ಗಂಭೀರ ವಿಷಯವೆಂಬುದಕ್ಕೆ ಹುದೈಬಿಯಾ ಸಾಕು. ಒಪ್ಪಂದದ ಬರವಣಿಗೆ ನಡೆಯುತ್ತಿರುವಾಗಲೇ ಸಂಕೋಲೆಯಲ್ಲಿ ಕುಂಟುತ್ತ ಬಂದು ಆಶ್ರಯ ಬೇಡಿದ ಅಬೂ ಜಂದಲ್‌ರನ್ನು ಪ್ರವಾದಿ(ಸ)ರು ಒಪ್ಪಂದದಂತೆ ಹಿಂದಕ್ಕೆ ಕಳುಹಿಸಬೇಕಾಯಿತು. ಸಹಾಬಿಗಳ ಎದೆ ಒಡೆಯಿತು. ಒಪ್ಪಂದ ಒಡೆಯಲಿಲ್ಲ.

ಆಧುನಿಕ ಕಾಲದಲ್ಲಿ ಈ ದಾರಿಯಲ್ಲಿ ನಡೆದವರೂ ದೂರದವರಲ್ಲ. 1908ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಡಾ. ಮುಹಮ್ಮದ್ ಹಮೀದುಲ್ಲಾಹ್, ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ಜರ್ಮನಿಯ ಬಾನ್‌ನಲ್ಲಿ ಇಸ್ಲಾಮೀ ಅಂತಾರಾಷ್ಟ್ರೀಯ ಕಾನೂನಿನ ಮೇಲೆ ಡಾಕ್ಟರೇಟ್ ಪಡೆದರು. ಬಳಿಕ ಪ್ಯಾರಿಸ್‌ನ ಸೋರ್ಬಾನ್‌ನಲ್ಲಿ ಎರಡನೆಯದನ್ನೂ ಪಡೆದರು. ಆಗ ಗುಲ್ಬರ್ಗ, ಬೀದರ್, ರಾಯಚೂರುಗಳು ಅದೇ ಸಂಸ್ಥಾನದ ಭಾಗವಾಗಿದ್ದವು. 1948ರಲ್ಲಿ ಹೈದರಾಬಾದಿನ ನಿಯೋಗದೊಂದಿಗೆ ವಿಶ್ವಸಂಸ್ಥೆಗೆ ಹೋದವರು ಮರಳಿ ಬರಲಿಲ್ಲ. ಪ್ಯಾರಿಸ್‌ನ ಸಣ್ಣ ಕೋಣೆಯೊಂದರಲ್ಲಿ ಯಾವ ದೇಶದ ಪೌರತ್ವವೂ ಇಲ್ಲದೆ ದಶಕಗಳ ಕಾಲ ಬರೆಯುತ್ತ ಬದುಕಿದರು. ದೇಶಗಳ ಕಾನೂನನ್ನು ಅಷ್ಟು ಬಲ್ಲವರಿಗೆ ತನ್ನದೆನ್ನುವ ದೇಶವಿರಲಿಲ್ಲ. ಅವರ ರಾಜಕೀಯ ನಿಲುವನ್ನು ಒಪ್ಪಬೇಕೆಂದಿಲ್ಲ, ಅವರ ವಿದ್ವತ್ತನ್ನು ಕಾಣದಿರುವಂತಿಲ್ಲ. ಇನ್ನೊಬ್ಬರು ಮುಂಬೈಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ. ದಾದ್ರಾ ಮತ್ತು ನಗರ್ ಹವೇಲಿಗೆ ದಾರಿ ಬೇಕೆಂದು ಪೋರ್ಚುಗಲ್ 1955ರಲ್ಲಿ ಭಾರತದ ವಿರುದ್ಧ ಹೇಗ್‌ಗೆ ಹೋದಾಗ, ಆ ಪ್ರಕರಣದ ಮಟ್ಟಿಗೆ ನ್ಯಾಯಪೀಠದಲ್ಲಿ ಕುಳಿತವರು ಅವರು.

ಮತ್ತು ಮಂಗಳೂರಿನ ಬೆನಗಲ್ ನರಸಿಂಗ ರಾವ್. ಸಂವಿಧಾನ ಸಭೆಯ ಸಲಹೆಗಾರರಾಗಿ ಅವರನ್ನು ಬಲ್ಲವರು, 1952ರಲ್ಲಿ ಅವರು ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರೆಂಬುದನ್ನು ಮರೆಯುತ್ತಾರೆ. ಬರ್ಮಾದ ಸಂವಿಧಾನ ರಚನೆಗೂ ಅವರು ನೆರವಾಗಿದ್ದರು. ಅದೇ ಬರ್ಮಾ 2019ರಲ್ಲಿ ಅದೇ ನ್ಯಾಯಾಲಯದಲ್ಲಿ ಆರೋಪ ಹೊತ್ತು ನಿಂತಿತು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಆ ಹುಡುಗ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋದದ್ದು ವಿದ್ಯಾರ್ಥಿವೇತನದ ಮೇಲೆ. ಯಾರೋ ಹಣ ಕೊಟ್ಟಿದ್ದರು ಎಂಬುದನ್ನು ನಾವು ಇಲ್ಲಿ ಒತ್ತಿ ಹೇಳಬಯಸುತ್ತೇವೆ.

ಈಗ ಸಹೋದರಿಯ ಪ್ರಶ್ನೆಗೆ ಬರೋಣ. ದಾರಿ ಯಾವುದು?

ಮೊದಲು ತಿಳಿಯಬೇಕಾದದ್ದು, ಪ್ರವೇಶ ಬೇರೆ, ಧನಸಹಾಯ ಬೇರೆ. ನಮ್ಮ ಅನೇಕ ಮಕ್ಕಳು ಎಡವುವುದು ಇಲ್ಲಿಯೇ. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ದೊರೆತರೂ ಹಣಕ್ಕಾಗಿ ಗೇಟ್ಸ್ ಕೇಂಬ್ರಿಜ್‌ನಂತಹ ವಿದ್ಯಾರ್ಥಿವೇತನಗಳಿಗೆ ಪ್ರತ್ಯೇಕವಾಗಿ ಸ್ಪರ್ಧಿಸಬೇಕು. ವಿದೇಶೀಯರಿಗೆ ಅಲ್ಲಿ ಶುಲ್ಕ ಬಹಳ ಹೆಚ್ಚು. ನೆದರ್‌ಲ್ಯಾಂಡ್ಸ್, ಸ್ವೀಡನ್, ನಾರ್ವೆಗಳಲ್ಲಿ ಪದ್ಧತಿಯೇ ಬೇರೆ. ಅಲ್ಲಿ ಪಿಎಚ್.ಡಿ. ಅಭ್ಯರ್ಥಿ ಸಾಮಾನ್ಯವಾಗಿ ವಿಶ್ವವಿದ್ಯಾಲಯದ ನೌಕರ. ಶುಲ್ಕ ಕಟ್ಟುವುದಿಲ್ಲ, ಸಂಬಳ ಪಡೆಯುತ್ತಾನೆ. ನೌಕರಿಗೆ ಜಾಹೀರಾತು ಬರುವಂತೆಯೇ ಸಂಶೋಧನಾ ಹುದ್ದೆಗೂ ಜಾಹೀರಾತು ಬರುತ್ತದೆ, ಅರ್ಜಿ ಹಾಕಿ ಸಂದರ್ಶನ ಎದುರಿಸಬೇಕು. ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಈ ಕಾನೂನಿಗೆಂದೇ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಇದೆ, ಜಿನೀವಾದಲ್ಲಿ ಗ್ರ್ಯಾಜುಯೇಟ್ ಇನ್‌ಸ್ಟಿಟ್ಯೂಟ್ ಇದೆ. ಚೀವ್ನಿಂಗ್ ವಿದ್ಯಾರ್ಥಿವೇತನದ ಹೆಸರು ನಮ್ಮಲ್ಲಿ ಪ್ರಚಾರದಲ್ಲಿದೆ, ಆದರೆ ಅದು ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಮಾತ್ರ, ಪಿಎಚ್.ಡಿ.ಗೆ ಅಲ್ಲ.

ದೇಶದೊಳಗಿನ ದಾರಿ ಇನ್ನೂ ಹತ್ತಿರದ್ದು. ಯು.ಜಿ.ಸಿ. ನೆಟ್ ಪರೀಕ್ಷೆಯ ಕಾನೂನು ವಿಷಯದಲ್ಲಿ ಅಂತಾರಾಷ್ಟ್ರೀಯ ಕಾನೂನು ಒಂದು ಘಟಕವೇ ಆಗಿದೆ. ಅದರಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆ.ಆರ್.ಎಫ್. ಪಡೆದವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000 ರೂಪಾಯಿ ನಿಗದಿಯಾಗಿದೆ. ವಯೋಮಿತಿಯಲ್ಲಿ ಮಹಿಳೆಯರಿಗೆ 5 ವರ್ಷಗಳ ಸಡಿಲಿಕೆಯೂ ಇದೆ. ದಿಲ್ಲಿಯ ಜೆ.ಎನ್.ಯು.ನಲ್ಲಿ ಅಂತಾರಾಷ್ಟ್ರೀಯ ಕಾನೂನು ಅಧ್ಯಯನಕ್ಕೆ ಪ್ರತ್ಯೇಕ ಕೇಂದ್ರವಿದೆ. ವಸಾಹತುಗಳಾಗಿದ್ದ ದೇಶಗಳ ಕಣ್ಣಿನಿಂದ ಈ ಕಾನೂನನ್ನು ಓದಿದ ಬಿ.ಎಸ್. ಚಿಮ್ನಿಯವರು ಅಲ್ಲಿ ಕಲಿಸಿದವರು. ನಮ್ಮ ಬೆಂಗಳೂರಿನಲ್ಲೇ ರಾಷ್ಟ್ರೀಯ ಕಾನೂನು ಶಾಲೆ ಇದೆ. ಮದ್ರಸದಿಂದ ಬಂದವರಿಗೆ ಬಾಗಿಲು ಮುಚ್ಚಿದೆ ಎಂಬುದೂ ಸರಿಯಲ್ಲ. ಅಲೀಗಢ, ಜಾಮಿಯಾ ಮಿಲ್ಲಿಯಾಗಳು ಕೆಲವು ಮದ್ರಸಗಳ ಪ್ರಮಾಣಪತ್ರವನ್ನು ಪದವಿ ಪ್ರವೇಶಕ್ಕೆ ಮಾನ್ಯ ಮಾಡುತ್ತವೆ, ಪದವಿ ಇದ್ದವರಿಗೆ ಮೂರು ವರ್ಷದ ಎಲ್‌ಎಲ್.ಬಿ. ಇದೆ.

ಹಣ ಕೊಡುವವರು ನೋಡುವುದು ಅಂಕಪಟ್ಟಿಯನ್ನು ಮಾತ್ರವಲ್ಲ. ಅವರಿಗೆ ಬೇಕಾದದ್ದು ಒಂದು ಪ್ರಶ್ನೆ. 'ಗಾಝಾ ಮತ್ತು ಅಂತಾರಾಷ್ಟ್ರೀಯ ಕಾನೂನು' ಎಂಬುದು ಪ್ರಶ್ನೆಯಲ್ಲ, ಭಾಷಣದ ಶೀರ್ಷಿಕೆ. ಆಕ್ರಮಿತ ಪ್ರದೇಶದಲ್ಲಿ ಆಹಾರ ಪೂರೈಕೆಯನ್ನು ತಡೆಯುವ ದೇಶಕ್ಕೆ ಶಸ್ತ್ರ ಮಾರುವ ಮೂರನೆಯ ದೇಶದ ಹೊಣೆ ಎಲ್ಲಿಂದ ಆರಂಭವಾಗುತ್ತದೆ ಎಂದು ಕೇಳಿದರೆ ಅದು ಪ್ರಶ್ನೆಯಾಗುತ್ತದೆ. ತಂದೆಯ ಐದು ತಿಂಗಳ ಸಂಬಳದಿಂದ ಹೊರಟ ಈ ಸಹೋದರಿಯ ಪ್ರಶ್ನೆಯೂ ಅಂತಹದೇ, ಅದನ್ನು ಅವರು ಯಾವ ಪುಸ್ತಕದಿಂದಲೂ ಎರವಲು ತಂದಿಲ್ಲ. ಆ ಪ್ರಶ್ನೆಯನ್ನು ಹಿಡಿದು, ಅದರ ಮೇಲೆ ಈಗಾಗಲೇ ಬರೆದವರನ್ನು ಓದಿ, ಯಾವ ಪ್ರಾಧ್ಯಾಪಕರು ಅದಕ್ಕೆ ಮಾರ್ಗದರ್ಶನ ನೀಡಬಲ್ಲರೆಂದು ಹುಡುಕಿ, ಅವರಿಗೆ ಸಂಕ್ಷಿಪ್ತವಾಗಿ ಬರೆದು, ಉತ್ತರ ಬಾರದಿದ್ದರೆ ಇನ್ನೊಬ್ಬರಿಗೆ ಬರೆದು, ಪ್ರಸ್ತಾವನೆಯನ್ನು ಹತ್ತು ಸಲ ತಿದ್ದಬೇಕು. ಇಂಗ್ಲಿಷ್ ಪರೀಕ್ಷೆ ಬರೆಯಬೇಕು. ಹಿಂದಿನ ಗುರುಗಳಿಂದ ಶಿಫಾರಸು ಪತ್ರಗಳನ್ನು ಪಡೆಯಬೇಕು. ಇದಕ್ಕೆಲ್ಲ ಒಂದು ವರ್ಷವಾದರೂ ಬೇಕು, ಹೆಚ್ಚಿನವರಿಗೆ ಎರಡು ಸುತ್ತು ಬೇಕಾಗುತ್ತದೆ. ನಗರಗಳಲ್ಲಿ ಫಲಕ ತೂಗಿಸಿ ಕುಳಿತಿರುವ ಏಜೆಂಟರಿಂದ ಈ ಕೆಲಸ ಆಗುವುದಿಲ್ಲ. ಅವರು ಕೊಡಿಸುವುದು ಶುಲ್ಕ ಕಟ್ಟುವ ಸೀಟುಗಳನ್ನು, ಸಂಬಳ ಕೊಡುವ ಹುದ್ದೆಗಳನ್ನಲ್ಲ.

ನಮ್ಮ ಮುಖ್ಯ ಮಾತು ಇರುವುದು ಇಲ್ಲಿಯೇ. ಹುದ್ದೆ ಸಿಕ್ಕಿದ ಮೇಲೆ ಹಣ ತಾನಾಗಿ ಬರುತ್ತದೆ. ಹುದ್ದೆ ಸಿಗುವ ಮೊದಲಿನ ಒಂದು, ಒಂದೂವರೆ ವರ್ಷಕ್ಕೆ ಹಣ ಕೊಡುವವರು ಯಾರೂ ಇಲ್ಲ. ಶ್ರೀಮಂತರ ಮಕ್ಕಳು ಆ ಅವಧಿಯನ್ನು ತಂದೆಯ ಹಣದಿಂದ ದಾಟುತ್ತಾರೆ. ಬಡವರ ಮಕ್ಕಳು ಆ ಅವಧಿಯಲ್ಲಿ ಯಾವುದೋ ಅಂಗಡಿಯ ಲೆಕ್ಕ ಬರೆಯಲು ಸೇರುತ್ತಾರೆ, ಹೆಣ್ಣುಮಕ್ಕಳಾದರೆ ಮದುವೆಯಾಗಿ ಹೋಗುತ್ತಾರೆ.

ಸರಕಾರದ ಕಡೆ ನೋಡಿದರೆ ಚಿತ್ರ ಕತ್ತಲೆಯದು. 2006ರ ಸಾಚಾರ್ ವರದಿಯ ಹಿನ್ನೆಲೆಯಲ್ಲಿ 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು 2022-23ರಿಂದ ನಿಲ್ಲಿಸಿರುವುದಾಗಿ ಕೇಂದ್ರ ಸರಕಾರ 2022ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿತು. ಇತರ ಯೋಜನೆಗಳೊಂದಿಗೆ ಇದು ಪುನರಾವರ್ತನೆಯಾಗುತ್ತದೆ ಎಂಬುದು ಅದು ಕೊಟ್ಟ ಕಾರಣ. ಸರಕಾರವೇ ಕೊಟ್ಟ ಲೆಕ್ಕದಂತೆ 2014-15ರಿಂದ 2021-22ರ ವರೆಗೆ 6,722 ಮಂದಿ ಅದರ ಪ್ರಯೋಜನ ಪಡೆದಿದ್ದರು. ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯ ನೀಡುತ್ತಿದ್ದ ಪಢೋ ಪರದೇಶ್ ಯೋಜನೆಯೂ ಅದೇ ವರ್ಷ ನಿಂತಿತು. ಅದೇ 2022ರಲ್ಲಿ ನಮ್ಮ ರಾಜ್ಯದಲ್ಲಿ ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳ ಫೆಲೋಶಿಪ್ ಮೊತ್ತವನ್ನು ಅಂದಿನ ಸರಕಾರ ಕಡಿತಗೊಳಿಸಿದಾಗ ವಿದ್ಯಾರ್ಥಿಗಳು ಬೀದಿಗಿಳಿಯಬೇಕಾಯಿತು. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2020-21ರಲ್ಲಿ ಉನ್ನತ ಶಿಕ್ಷಣದಲ್ಲಿದ್ದವರ ಪೈಕಿ ಮುಸ್ಲಿಮರು ಶೇ. 4.6 ಮಾತ್ರ, ಹಿಂದಿನ ವರ್ಷಕ್ಕಿಂತ ಸುಮಾರು 1.8 ಲಕ್ಷ ಕಡಿಮೆ. ಇಂತಹ ಕಾಲದಲ್ಲಿ ಇದ್ದ ಏಣಿಯನ್ನು ಎತ್ತಿಕೊಂಡು ಹೋದದ್ದಕ್ಕೆ ಪುನರಾವರ್ತನೆ ಎಂಬ ಹೆಸರು ಒಪ್ಪುವುದಿಲ್ಲ. ಈ ಫೆಲೋಶಿಪ್‌ನ ಮರುಸ್ಥಾಪನೆಗಾಗಿ ಸಂಸತ್ತಿನಲ್ಲೂ ಹೊರಗೂ ಕೇಳುತ್ತಲೇ ಇರಬೇಕು.

ಆದರೆ ಕೇಳುತ್ತ ಕೂರುವುದರಲ್ಲಿ ಎಷ್ಟು ವರ್ಷಗಳನ್ನು ಕಳೆಯುವುದು? ನಮ್ಮ ಊರುಗಳಲ್ಲಿ ಒಂದು ಮದುವೆಯ ಸಭಾಂಗಣದ ಬಾಡಿಗೆ, ಅಲಂಕಾರ, ಎರಡು ಬಗೆಯ ಬಿರಿಯಾನಿಗೆ ಸುರಿಯುವ ಹಣದಲ್ಲಿ ಒಬ್ಬ ಅಭ್ಯರ್ಥಿಯ ಒಂದು ವರ್ಷದ ತಯಾರಿ ಕಳೆದು ಮಿಗುತ್ತದೆ. ಇದನ್ನು ಬರೆದು ನಮಗೂ ಬೇಸರ ಬಂದಿದೆ, ಓದಿ ನಿಮಗೂ ಬಂದಿರಬಹುದು. ಆದರೂ ಬರೆಯದೆ ವಿಧಿಯಿಲ್ಲ.

ಇದಕ್ಕೆ ಝಕಾತ್ ಬಳಸಬಹುದೇ ಎಂಬ ಪ್ರಶ್ನೆ ಬರುತ್ತದೆ. ವಿದ್ಯಾರ್ಥಿ ನಿಜಕ್ಕೂ ಬಡವನಾಗಿದ್ದರೆ ಆ ಕಾರಣದಿಂದಲೇ ಆತ ಅರ್ಹ, ಅದರಲ್ಲಿ ವಿವಾದವಿಲ್ಲ. ದುಡಿಯಲು ಶಕ್ತನಾಗಿದ್ದರೂ ಧಾರ್ಮಿಕ ವಿದ್ಯೆಯಲ್ಲಿ ತೊಡಗಿ ದುಡಿಯಲಾಗದವನಿಗೆ ಝಕಾತ್ ಸಲ್ಲುತ್ತದೆಂದು ಇಮಾಮ್ ನವವಿಯವರೇ ಹೇಳಿದ್ದಾರೆ. ಫಿಕ್ಹ್‌ನ ಭಾಗವೇ ಆಗಿರುವ ಸಿಯರ್‌ನ ಇಂದಿನ ರೂಪವನ್ನು ಓದುವವನಿಗೆ ಈ ಮಾತು ಅನ್ವಯಿಸುವುದೇ? ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ನಮ್ಮ ಉಲಮಾಗಳು ಕುಳಿತು ಚರ್ಚಿಸಿ ಒಂದು ಉತ್ತರ ಕೊಡಲಿ. ಉತ್ತರ 'ಇಲ್ಲ' ಎಂದಾದರೆ ಸದಕಾ ಇದೆ, ಬಡ್ಡಿಯಿಲ್ಲದ ಸಾಲವಿದೆ. ನಾಲ್ಕು ವರ್ಷ ಸಂಬಳ ಪಡೆಯಲಿರುವವರು ಆ ಸಾಲವನ್ನು ತೀರಿಸಬಲ್ಲರು, ಆ ಹಣ ಮುಂದಿನವರಿಗೆ ಹೋಗುತ್ತದೆ.

ಒಂದು ಗಂಭೀರ ಆಕ್ಷೇಪಕ್ಕೆ ಉತ್ತರಿಸದೆ ಮುಂದೆ ಹೋಗಲಾಗದು. ಅಂತಾರಾಷ್ಟ್ರೀಯ ಕಾನೂನಿನಿಂದ ಆದದ್ದೇನು? ಎಂದು ಯುವಕರು ಕೇಳುತ್ತಾರೆ. ಪ್ರತ್ಯೇಕತಾ ಗೋಡೆ ಕಾನೂನುಬಾಹಿರವೆಂದು ಹೇಗ್ ನ್ಯಾಯಾಲಯ 2004ರಲ್ಲೇ ಹೇಳಿತು, ಗೋಡೆ ನಿಂತೇ ಇದೆ. 2024ರಲ್ಲಿ ಜನವರಿ, ಮಾರ್ಚ್, ಮೇ ಹೀಗೆ ಮೂರು ಸಲ ಗಾಝಾದ ಕುರಿತು ಆದೇಶವಾಯಿತು, ಕೊಲೆ ನಿಲ್ಲಲಿಲ್ಲ. ಆಕ್ರಮಿತ ಪ್ರದೇಶಗಳಲ್ಲಿ ಇಸ್ರೇಲ್‌ನ ಇರುವಿಕೆಯೇ ಕಾನೂನುಬಾಹಿರವೆಂದು ಅದೇ ವರ್ಷ ಜುಲೈ 19ರಂದು ಅಭಿಪ್ರಾಯ ಬಂತು. ಇಂತಹ ಶಕ್ತಿಹೀನ ಕಾನೂನಿಗಾಗಿ ಒಬ್ಬರ ಯೌವನದ ಐದು ವರ್ಷಗಳನ್ನು ಏಕೆ ಕೊಡಬೇಕು?

ಈ ಪ್ರಶ್ನೆಯನ್ನು ಕೇಳುವವರ ನೋವು ನಮ್ಮದೂ ಹೌದು, ಅದಕ್ಕೆ ಪೂರ್ಣ ಉತ್ತರ ನಮ್ಮಲ್ಲಿಲ್ಲ. ಈ ಕಾನೂನಿನ ಬಹುಭಾಗವನ್ನು ಬರೆದವರು ವಸಾಹತುಗಳ ಒಡೆಯರೇ. ಆದರೆ 1946ರಲ್ಲಿ, ಇನ್ನೂ ಸ್ವತಂತ್ರವೂ ಆಗದ ಭಾರತ, ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರ ಮೇಲೆ ನಡೆಯುತ್ತಿದ್ದ ಜನಾಂಗೀಯ ತಾರತಮ್ಯವನ್ನು ವಿಶ್ವಸಂಸ್ಥೆಯ ಮುಂದಿಟ್ಟು ಮೂರನೇ ಎರಡರಷ್ಟು ಮತ ಗೆದ್ದಿತು. ವಿಜಯಲಕ್ಷ್ಮಿ ಪಂಡಿತ್ ನೇತೃತ್ವದ ಆ ನಿಯೋಗದಲ್ಲಿ ಛಾಗ್ಲಾ ಅವರೂ ಇದ್ದರು. ಮರುದಿನವೇ ವರ್ಣಭೇದ ಅಳಿಯಲಿಲ್ಲ. ನಲವತ್ತೆಂಟು ವರ್ಷಗಳು ಬೇಕಾದವು. ಆ ವರ್ಷಗಳಲ್ಲಿ ಅದು ಅಪರಾಧವೆಂಬ ಭಾಷೆಯನ್ನು ಜಗತ್ತಿಗೆ ಕಲಿಸಿದವರಲ್ಲಿ ಭಾರತವೂ ಒಂದು. ಆ ದಕ್ಷಿಣ ಆಫ್ರಿಕಾವೇ ಇಂದು ಫೆಲೆಸ್ತೀನ್‌ಗಾಗಿ ಹೇಗ್‌ಗೆ ಹೋಗಿದೆ. ಜುಲೈನ ಅಭಿಪ್ರಾಯವನ್ನು ಜಾರಿಗೊಳಿಸುವ ನಿರ್ಣಯ 2024ರ ಸೆಪ್ಟೆಂಬರ್ 18ರಂದು ಮಹಾಸಭೆಯಲ್ಲಿ 124 ಮತಗಳಿಂದ ಅಂಗೀಕಾರವಾದಾಗ ಭಾರತ ತಟಸ್ಥವಾಗಿ ಕುಳಿತಿತ್ತು. ಅಂತಾರಾಷ್ಟ್ರೀಯ ಕಾನೂನಿನ ಬಗ್ಗೆ ಗೌರವ ಬೆಳೆಸಬೇಕೆಂದು ನಮ್ಮ ಸಂವಿಧಾನದ 51ನೆಯ ವಿಧಿ ರಾಜ್ಯಕ್ಕೆ ನಿರ್ದೇಶಿಸುತ್ತದೆ ಎಂಬುದನ್ನು ಆ ದಿನ ನೆನಪಿಸಿದವರು ಕಡಿಮೆ. ನೆನಪಿಸಬೇಕಾದವರು ಅದನ್ನು ಓದಿರಬೇಕಲ್ಲವೇ?

ಇನ್ನೊಂದು ಎಚ್ಚರ. ಮುಸ್ಲಿಮ್ ಸಂಶೋಧಕರೆಂದರೆ ಫೆಲೆಸ್ತೀನ್, ರೋಹಿಂಗ್ಯರ ಮೇಲೆಯೇ ಬರೆಯಬೇಕೆಂದಿಲ್ಲ. 2012ರ ಫೆಬ್ರವರಿಯಲ್ಲಿ ಕೇರಳದ ಕಡಲಲ್ಲಿ ಇಟಲಿಯ ಹಡಗಿನ ಸೈನಿಕರು ಇಬ್ಬರು ಮೀನುಗಾರರನ್ನು ಗುಂಡಿಟ್ಟು ಕೊಂದರು. ಆ ಸೈನಿಕರನ್ನು ವಿಚಾರಣೆ ಮಾಡುವ ಅಧಿಕಾರ ಭಾರತಕ್ಕಿಲ್ಲವೆಂದು 2020ರಲ್ಲಿ ಮಧ್ಯಸ್ಥಿಕೆ ನ್ಯಾಯಮಂಡಳಿ ತೀರ್ಮಾನಿಸಿತು, 2021ರಲ್ಲಿ 10 ಕೋಟಿ ರೂಪಾಯಿ ಪರಿಹಾರದೊಂದಿಗೆ ಸುಪ್ರೀಮ್ ಕೋರ್ಟ್ ಪ್ರಕರಣ ಮುಗಿಸಿತು. ಸತ್ತವರು ನಮ್ಮ ಮಲ್ಪೆ, ಉಳ್ಳಾಲದ ಮೀನುಗಾರರೂ ಆಗಿರಬಹುದಿತ್ತು. ಕಡಲನ್ನೇ ನಂಬಿದ ಈ ಕರಾವಳಿಯಿಂದ ಸಮುದ್ರ ಕಾನೂನಿನಲ್ಲಿ ನಾಲ್ಕು ಮಂದಿ, ಯಾವ ಧರ್ಮದವರಾದರೂ ಸರಿ, ಬೆಳೆದು ಬಂದರೆ ಅದು ಎಲ್ಲರ ಗಳಿಕೆ.

ಹೆಣ್ಣುಮಕ್ಕಳು ದೂರ ಹೋಗುವ ಬಗ್ಗೆ ಮನೆಯವರಿಗೆ ಇರುವ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ದೂರ ಹೋದರೆ ಕೆಡುತ್ತಾರೆ ಎಂಬ ಭಯವನ್ನು ಗಲ್ಫ್‌ಗೆ ಹೋದ ಗಂಡುಮಕ್ಕಳ ವಿಷಯದಲ್ಲಿ ನಾವು ಎಂದಾದರೂ ತೋರಿಸಿದ್ದೇವೆಯೇ? ಮದುವೆಗೂ ಸಂಶೋಧನೆಗೂ ವೈರವಿಲ್ಲ. ಓದನ್ನು ಮುಂದುವರಿಸುವುದು ನಿಕಾಹ್‌ನ ಶರತ್ತುಗಳಲ್ಲಿ ಒಂದಾಗಬಹುದು. ಒಪ್ಪುವ ವರನನ್ನು ಹುಡುಕುವ ಶ್ರಮವನ್ನು ಹಿರಿಯರು ವಹಿಸಲಿ.

ಸಹೋದರಿಗೆ ನಾವು ಉತ್ತರ ಬರೆದಿದ್ದೇವೆ. ಮುಂದಿನ ನೆಟ್ ಪರೀಕ್ಷೆಗೆ ಈಗಲೇ ತಯಾರಾಗುವಂತೆಯೂ, ವಿದೇಶದ ಅರ್ಜಿಗಳನ್ನು ಪ್ರವೇಶದ ಸೀಟಿಗಲ್ಲ, ಸಂಬಳದ ಹುದ್ದೆಗಳಿಗೇ ಹಾಕುವಂತೆಯೂ ಹೇಳಿದ್ದೇವೆ. ಅವರ ಅನುಮತಿ ಪಡೆದು, ಹೆಸರನ್ನು ಮರೆಮಾಚಿ, ಪತ್ರದ ಪ್ರತಿಯನ್ನು ಎರಡು ಮೊಹಲ್ಲಾ ಜಮಾಅತ್‌ಗಳಿಗೆ ಕಳುಹಿಸಿದೆವು. ಒಂದು ಕಡೆಯಿಂದ ಉತ್ತರ ಬಂದಿದೆ: ಒಂದು ವರ್ಷದ ವೆಚ್ಚದ ಅಂದಾಜು ಪಟ್ಟಿ ಕೇಳಿದ್ದಾರೆ, ತಂದೆಯನ್ನು ತಾವೇ ಭೇಟಿಯಾಗುತ್ತೇವೆ ಎಂದೂ ಬರೆದಿದ್ದಾರೆ. ಇನ್ನೊಂದು ಜಮಾಅತ್‌ನವರು ಮಿನಾರದ ಕೆಲಸ ಮುಗಿಯಲಿ, ನೋಡೋಣ ಎಂದಿದ್ದಾರೆ.